ಅತ್ತೆಯ ಬಿಲ್ಲಿಗೆ ಪಾಲಿಶ್ ಹಾಕಿದ್ದು

ನಮ್ಮ ಮನೆಯಲ್ಲಿ ಒಂದು ಬಿಲ್ಲಿದೆ. ಆಯುಧಪೂಜೆಯ ದಿನ ಅದನ್ನು ಅಟ್ಟದಿಂದ ಇಳಿಸಿ, ಕುಡುಗೋಲು, ಮಚ್ಚು, ಪಂಪ್‌ಸೆಟ್ಟಿನ ಸ್ಪ್ಯಾನರು, ನನ್ನ ಗಂಡನ ಬೈಕು ಇವುಗಳ ಸಾಲಿನಲ್ಲಿ ಗೋಡೆಗೆ ಒರಗಿಸುತ್ತಿದ್ದರು. ಹರಳೆಣ್ಣೆ ಸವರಿ, ಅರಿಶಿನ ಕುಂಕುಮ ಇಟ್ಟು, ಒಂದು ಚೆಂಡುಹೂ ಸಿಕ್ಕಿಸಿದರೆ ಅದರ ವರ್ಷದ ಕೆಲಸ ಮುಗಿಯಿತು. ಮರುದಿನ ಮತ್ತೆ ಅಟ್ಟಕ್ಕೆ. ಮದುವೆಯಾಗಿ ಬಡವನಹಳ್ಳಿ ಪಕ್ಕದ ಈ ಊರಿಗೆ ಬಂದ ಹೊಸದರಲ್ಲಿ ನಾನು ಅದನ್ನು ಯಾವುದೋ ದೇವರ ಬಿಲ್ಲು ಎಂದುಕೊಂಡು ಕೈಮುಗಿದಿದ್ದೂ ಉಂಟು. ಯಾರದಿದು ಎಂದು ಗಂಡನನ್ನು ಕೇಳಿದಾಗ ಅವರು ನಕ್ಕುಬಿಟ್ಟರು.

"ನಮ್ಮಮ್ಮಂದಂತೆ. ಅಮ್ಮ ಬಿಲ್ಲು ಹೊಡೀತಿದ್ಲಂತೆ."

ಆ ಎರಡು 'ಅಂತೆ' ನನಗೆ ಇಂದಿಗೂ ಕಿವಿಯಲ್ಲಿವೆ. ಒಬ್ಬ ಹೆಂಗಸಿನ ಇಡೀ ಯೌವನವನ್ನು ಒರೆಸಿಹಾಕಲು ನಮ್ಮ ಭಾಷೆಯಲ್ಲಿ ಅಷ್ಟು ಸಾಕು. ಮನೆಗೆ ಬಂದ ನೆಂಟರ ಮುಂದೆ ಅದೊಂದು ತಮಾಷೆಯಾಗಿತ್ತು. ಯಾರಾದರೂ ಊಟಕ್ಕೆ ತಡಮಾಡಿದರೆ ಗಂಡ "ಬೇಗ ಬಾರಪ್ಪ, ನಮ್ಮಮ್ಮ ಬಾಣ ಬುಟ್ಟಾಳು" ಎನ್ನುವರು. ಅತ್ತೆಯೂ ಎಲ್ಲರ ಜೊತೆ ನಗುತ್ತಿದ್ದರು.

ಸಾಲದ್ದಕ್ಕೆ ಮಾವ ಬದುಕಿದ್ದ ತನಕ ಪೂಜೆಯ ದಿನ ಅದಕ್ಕೊಂದು ಹುರಿಯನ್ನೂ ಕಟ್ಟುತ್ತಿದ್ದರು. ಆ ಜಾತಿಯ ಬಿಲ್ಲು ದಾರವಿಲ್ಲದೆ ಸುಮ್ಮನೆ ಬಿದ್ದಿರುವಾಗಲೂ ಒಂದು ಕಡೆಗೆ ಬಾಗಿರುತ್ತದೆ. ಮಾವ ಕ್ಯಾಲೆಂಡರಿನ ದೇವರ ಕೈಯ ಬಿಲ್ಲನ್ನು ನೋಡಿಕೊಂಡು, ಆ ಬಾಗಿನ ಒಳಗಡೆಗೇ ತುದಿಯಿಂದ ತುದಿಗೆ ಹುರಿ ಎಳೆದು ಗಂಟು ಹಾಕುವರು. ನಿಜವಾಗಿ ಅದನ್ನು ಆ ಬಾಗಿಗೆ ವಿರುದ್ಧವಾಗಿ ಹಿಂದಕ್ಕೆ ಬಗ್ಗಿಸಿ ದಾರ ಏರಿಸಬೇಕು. ಅದರ ಬಲವೆಲ್ಲ ಇರುವುದು ಆ ಹಟದಲ್ಲಿ. ಮಾವ ವರ್ಷಾನುಗಟ್ಟಲೆ ಉಲ್ಟಾ ಕಟ್ಟಿದರು, ಅತ್ತೆ ವರ್ಷಾನುಗಟ್ಟಲೆ ಅದರ ಮುಂದೆ ಊದುಬತ್ತಿ ಹಚ್ಚಿದರು. ಒಂದು ದಿನವೂ ಬಾಯಿ ಬಿಡಲಿಲ್ಲ. ನಾನಾಗಿದ್ದರೆ ಸೂರು ಹಾರಿಹೋಗುವ ಹಾಗೆ ಕೂಗಾಡುತ್ತಿದ್ದೆ. ನನ್ನ ಮೂಗಿನ ತುದಿಯ ಕೋಪ ಮಧುಗಿರಿಯಲ್ಲಿ ನಾನು ವಿಜ್ಞಾನ ಹೇಳಿಕೊಡುವ ಹೈಸ್ಕೂಲಿನ ಮಕ್ಕಳಿಗೆಲ್ಲ ಗೊತ್ತು.

ಕಳೆದ ವರ್ಷ ಮಳೆಗಾಲದ ಹೊತ್ತಿಗೆ ಅತ್ತೆಯ ಬಲಭುಜ ಹಿಡಿದುಕೊಂಡಿತು. ಮೊದಲು ಅಡುಗೆಮನೆಯ ಮೇಲಿನ ಹಲಗೆ ಎಟುಕದಾಯಿತು, ಆಮೇಲೆ ಸ್ವಂತ ತುರುಬು. ಡಾಕ್ಟರು ವ್ಯಾಯಾಮ ಹೇಳಿಕೊಟ್ಟರು. ಇದು ಇನ್ನೂ ಬಿಗಿಯುತ್ತದೆ, ಸಡಿಲವಾಗುವುದು ಯಾವಾಗಲೋ, ಈ ವಯಸ್ಸಿನಲ್ಲಿ ಪೂರ್ತಿ ಸಡಿಲವಾಗುತ್ತದೆಂದು ಹೇಳಲಾಗದು ಎಂದೂ ಹೇಳಿದರು. ಹಾಗಾಗಿ ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಅತ್ತೆಯ ತಲೆ ಬಾಚುವ ಕೆಲಸ ನನ್ನದಾಯಿತು. ಬೆನ್ನು ನನ್ನ ಕಡೆಗಿದ್ದುದರಿಂದಲೋ ಏನೋ, ಅಷ್ಟು ವರ್ಷ ಆಡದ ಮಾತನ್ನು ಅವರು ಆಗ ಆಡತೊಡಗಿದರು.

ಅವರ ತವರು ಪಾವಗಡದ ಕಡೆ, ವಳ್ಳೂರಿನ ಹತ್ತಿರ. ಕುರಿ ಕಾಯುವ ಮನೆತನ. ಅವರು ಕುರಿ ಅಟ್ಟುತ್ತಿದ್ದ ಬಯಲಿನಲ್ಲಿ ಈಗ ಸೋಲಾರ್ ಹಲಗೆಗಳು ಮಲಗಿವೆ. ಕಲ್ಲೆಸೆದರೆ ಗುರಿ ತಪ್ಪದ ಹುಡುಗಿಯನ್ನು ಶಾಲೆಯ ಮೇಷ್ಟ್ರೊಬ್ಬರು ಕ್ರೀಡಾ ಹಾಸ್ಟೆಲ್ಲಿಗೆ ಸೇರಿಸಿದರು. ಅಲ್ಲಿ ಕೆಲವು ವರ್ಷ ಬಿಲ್ಲುಗಾರಿಕೆ ಕಲಿತರು. ಮದುವೆ ಗೊತ್ತಾಗಿ ಹಾಸ್ಟೆಲ್ ಬಿಡುವಾಗ, ಕಲಿಸಿದವರು ಅತ್ತೆ ಬಳಸುತ್ತಿದ್ದ ಹಳೆಯ ಮರದ ಬಿಲ್ಲನ್ನೇ ಕೈಗಿಟ್ಟು ಕಳಿಸಿದರು. ಟ್ರಂಕಿನ ಜೊತೆ ಅದೂ ಈ ಮನೆಗೆ ಬಂತು. ಬಂದ ದಿನವೇ ಮಾವನ ಅಪ್ಪ ಅದನ್ನು ಆಯುಧವೆಂದು ಹಣೆಗೆ ಒತ್ತಿಕೊಂಡು ಅಟ್ಟಕ್ಕೇರಿಸಿದರಂತೆ. ದೇವರಾದ ವಸ್ತುವನ್ನು ಇಳಿಸಿ ಆಡುವುದುಂಟೇ?

ಒಂದು ಬೆಳಿಗ್ಗೆ ನಾನು ಜಡೆ ಸುತ್ತುತ್ತಿದ್ದಾಗ ಅತ್ತೆ ಹೇಳಿದರು.

"ಇನ್ನೊಂದಿಷ್ಟ್ ದಿನ ಕಳುದ್ರೆ ಈ ಕೈ ಗಲ್ಲದ್ ತಂಕಾನೂ ಬರಲ್ಲ ಕಣಮ್ಮ. ಅಷ್ಟ್ರೊಳ್ಗೆ ಒಂದ್ ಬಾಣ ಬುಡಬೇಕು."

"ಈಗ ಯಾಕತ್ತೆ?"

"ನನ್ ಮಗ ನೋಡ್ಲಿ ಅಂತ."

ಅಷ್ಟೇ. ನಾನು ಕೊನೆಯ ಪಿನ್ನನ್ನು ತುರುಬಿಗೆ ಸಿಕ್ಕಿಸಿದೆ. ಸಂಜೆ ಗಂಡನಿಗೆ ಹೇಳಿದರೆ, "ಅಮ್ಮಂಗೆ ವಯಸ್ಸಾಯ್ತು, ನಿಂಗೇನಾಯ್ತು?" ಎಂದರು. ಆ ಮಾತಿಗೆ ನನಗೆ ಉರಿದುಹೋಯಿತು. ಆ ವಾರದ ಆಯುಧಪೂಜೆ ಮುಗಿದ ಮೇಲೆ ಬಿಲ್ಲನ್ನು ಅಟ್ಟಕ್ಕೆ ಏರಿಸಲು ಬಿಡಲಿಲ್ಲ. ನಡುಮನೆಯ ಮೇಜಿನ ಮೇಲೆ ಹಳೆಯ ಪಂಚೆ ಹಾಸಿ ಅದನ್ನು ಮಲಗಿಸಿದೆ.

ನನಗೆ ಈ ಧೈರ್ಯ ಬಂದದ್ದಕ್ಕೆ ಕಾರಣವಿದೆ. ನಾನು ಸಿರಾದವಳು. ನನ್ನ ಅಪ್ಪ ಅಲ್ಲಿ ಮರದ ಸಾಮಾನುಗಳಿಗೆ ಪಾಲಿಶ್ ಹಾಕುತ್ತಿದ್ದರು. ಶಾಲೆ ಬಿಟ್ಟ ಮೇಲೆ ಅಂಗಡಿಯಲ್ಲೇ ಕೂತು, ಸ್ಪಿರಿಟ್ಟಿನಲ್ಲಿ ಅರಗು ನೆನೆಹಾಕುವುದು, ಬಟ್ಟೆಯ ಉಂಡೆ ಕಟ್ಟುವುದು, ಮರದ ಎಳೆ ಹೋದ ಕಡೆಗೇ ಉಜ್ಜುವುದು ಎಲ್ಲ ಕೈಗೆ ಬಂದಿತ್ತು. ಅಪ್ಪನ ಅಂಗಡಿ ಈಗಿಲ್ಲ. ಆದರೆ ಪಾಲಿಶ್ ಸಾಮಾನು ಮಾರುವ ಪಕ್ಕದ ಅಂಗಡಿಯವರು ಇದ್ದಾರೆ. ಅರಗು, ಸ್ಪಿರಿಟ್, ನಯವಾದ ಸ್ಯಾಂಡ್ ಪೇಪರ್ ಕೇಳಿದಾಗ ಅವರು ಯಾವುದಕ್ಕೆಂದು ವಿಚಾರಿಸಿದರು.

"ಬಿಲ್ಲಿಗೆ."

"ಅರೆ, ನಾಟಕಾನಾ ಬೆಹೆನ್?"

"ಅಲ್ಲ ಭಾಯ್, ನಮ್ಮತ್ತೆಗೆ."

"ಅತ್ತೆ ಕೈಗೆ ನೀವೇ ಬಿಲ್ಲು ಕೊಡ್ತೀರಾ!" ಎಂದು ಅವರು ಎರಡೂ ಕೈ ಎತ್ತಿದರು. "ಹುಷಾರು, ಅಷ್ಟೇ ಹೇಳ್ತೀನಿ."

ಬಿಲ್ಲಿನ ಮೇಲೆ ನಲವತ್ತು ಚಿಲ್ಲರೆ ಪೂಜೆಗಳ ಎಣ್ಣೆ ಕೂತು ಡಾಂಬರಿನ ಹಾಗೆ ಆಗಿತ್ತು. ಸ್ಪಿರಿಟ್ ಅದ್ದಿದ ಬಟ್ಟೆಯಲ್ಲಿ ಮೆಲ್ಲಗೆ ಒತ್ತಿ ತೆಗೆದರೆ ಮೊದಲು ಕಪ್ಪು ಬಂತು, ಆಮೇಲೆ ಕೆಂಪು, ಆಮೇಲೆ ಅರಿಶಿನ. ಹರಳೆಣ್ಣೆ, ಕರ್ಪೂರ, ಹೊಗೆ ಇವುಗಳ ಹಳೆಯ ವಾಸನೆ ಮನೆಯನ್ನೆಲ್ಲ ತುಂಬಿತು. ಮೇಲಿನ ತೋಳಿನ ಒಂದು ಗೇಣು ಜಾಗ ಶುದ್ಧವಾದಾಗ ನಾನು ಬಟ್ಟೆ ಕೆಳಗಿಟ್ಟು ಅದನ್ನು ಬೆಳಕಿಗೆ ಹಿಡಿದೆ. ತೋಳು ಎಂದರೆ ನಡುವಿನ ಹಿಡಿಯಿಂದ ಮೇಲಕ್ಕೂ ಕೆಳಕ್ಕೂ ಚಾಚಿದ ಬಾಗುವ ಭಾಗ. ಅತ್ತೆ ಕರೆಯುವುದು ಹಾಗೆ. ಅಟ್ಟದ ಆ ಕರಿಕಟ್ಟಿಗೆಯ ಒಳಗೆ ಜೇನಿನ ಬಣ್ಣದ ಮರವಿತ್ತು. ಮಗ್ಗುಲಿಂದ ನೋಡಿದರೆ ಒಂದೇ ಮರವಲ್ಲ. ತಿಳಿ ಮರದ ತೆಳುಪಟ್ಟಿ, ಅದಕ್ಕಂಟಿದ ಇನ್ನೊಂದು ಪಟ್ಟಿ, ಎರಡೂ ಹೊರಮೈಗೆ ಗಾಜಿನ ನಾರಿನ ಪಾರದರ್ಶಕ ಹಾಳೆ. ಎಲ್ಲ ಸೇರಿ ನನ್ನ ಕಿರುಬೆರಳಿನಷ್ಟೂ ದಪ್ಪವಿಲ್ಲ. ಸ್ಥಿತಿಸ್ಥಾಪಕತ್ವದ ಪಾಠವನ್ನು ವರ್ಷ ವರ್ಷ ಸ್ಪ್ರಿಂಗು ರಬ್ಬರು ತೋರಿಸಿ ಒದರಿದವಳು ನಾನು. ಆ ಪಾಠ ನಮ್ಮ ಮನೆಯ ಅಟ್ಟದಲ್ಲೇ ಇಷ್ಟು ಚೆಲುವಾಗಿ ಮಲಗಿದೆಯೆಂದು ನನಗೆ ಗೊತ್ತಿರಲಿಲ್ಲ.

ಹಿಡಿಯ ಭಾಗ ಬೀಟೆಯಂಥ ಕಪ್ಪು ಮರ. ಅದನ್ನು ಒರೆಸುವಾಗ ಹೆಬ್ಬೆರಳಿನ ಸಂದು ಕೂರುವ ಕಡೆ ಒಂದು ಸವೆತ ಸಿಕ್ಕಿತು. ಅಲ್ಲಿ ಹಳೆಯ ಪಾಲಿಶ್ ಉಳಿದೇ ಇರಲಿಲ್ಲ, ಮರ ಬರಿಮೈಯಾಗಿ ನುಣ್ಣಗಿತ್ತು. ನನ್ನ ಕೈ ಇಟ್ಟು ನೋಡಿದೆ, ಹೊಂದಲಿಲ್ಲ. ಅತ್ತೆಯನ್ನು ಕರೆದೆ. ಅವರು ಎಡಗೈ ಇಟ್ಟರು. ಬೆರಳುಗಳು ತಾವಾಗಿಯೇ ತಂತಮ್ಮ ಜಾಗಕ್ಕೆ ಹೋಗಿ ಕೂತವು. ಅತ್ತೆ ಹಾಗೇ ಹಿಡಿದುಕೊಂಡಿದ್ದು, ಒಲೆಯ ಮೇಲಿನ ಸಾರು ನೋಡಲು ಎದ್ದುಹೋದರು. ಆ ಸವೆತಕ್ಕೆ ಸ್ಯಾಂಡ್ ಪೇಪರ್ ತಾಗಿಸಕೂಡದು ಎಂದು ಆಗಲೇ ತೀರ್ಮಾನಿಸಿದೆ.

ಕೆಳಗಿನ ತೋಳಿನಲ್ಲಿ ಬೇರೊಂದು ಕಂಡಿತು. ಅಡ್ಡಕ್ಕೆ ಕೂದಲೆಳೆಯಷ್ಟು ಸಣ್ಣ ಗೆರೆ. ಅದು ಮೇಲಿನ ಪಾಲಿಶ್ ಮಾತ್ರ ಒಡೆದದ್ದಾದರೆ ಚಿಂತೆಯಿಲ್ಲ. ಗಾಜಿನ ಹಾಳೆಯೇ ಸೀಳಿದ್ದರೆ ಬಿಲ್ಲು ಸತ್ತಂತೆ. ಎಳೆದಾಗ ಮುರಿದು ಮುಖಕ್ಕೇ ಹಾರಬಹುದು. ಅತ್ತೆ ದೇವರ ಗೂಡಿನಿಂದ ಬತ್ತಿಗೆ ಇಟ್ಟಿದ್ದ ಹತ್ತಿ ತಂದರು. "ಇದ್ನ ಎಳಿ, ಮೆತ್ಗೆ. ಸೀಳಿದ್ರೆ ಅತ್ತಿ ಇಡ್ಕಂತದೆ" ಎಂದರು. ಪಾಲಿಶ್ ಕೆರೆದು ತೆಗೆದು, ಆ ಗೆರೆಯಿದ್ದ ಜಾಗದ ಮೇಲೆ ಹತ್ತಿಯ ಉಂಡೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಳೆದೆ. ಜಾರಿತು. ವಾಪಸು ಎಳೆದೆ. ಒಂದು ನೂಲೂ ಸಿಕ್ಕಿಕೊಳ್ಳಲಿಲ್ಲ. ಅತ್ತೆ ಆ ಹತ್ತಿಯನ್ನೇ ಕಣ್ಣಿಗೊತ್ತಿಕೊಂಡರು.

ಅದೇ ತೋಳಿನ ತುದಿಯಲ್ಲಿ ಮಾತ್ರ ಪಟ್ಟಿಗಳ ನಡುವೆ ಅಂಟು ಬಿಟ್ಟಿತ್ತು. ಎರಡು ಟ್ಯೂಬು ಕಲಸುವ ಅಂಟನ್ನು ಬಿಸಿನೀರಿನಲ್ಲಿಟ್ಟು ತೆಳ್ಳಗೆ ಮಾಡಿ, ಹೊಲಿಗೆ ದಾರಕ್ಕೆ ಸವರಿ ಆ ಸಂದಿನಲ್ಲಿ ಆಡಿಸಿದೆ. ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಬಿಗಿಯಾಗಿ ಸುತ್ತಿಟ್ಟೆ. ಅದು ಒಣಗಿದ ಮೇಲೆ ಅರಗಿನ ಪಾಲಿಶ್. ಬಾಗುವ ಮರಕ್ಕೆ ದಪ್ಪ ಪಾಲಿಶ್ ಕೂಡದು, ಬಾಗಿದಾಗ ಸಿಡಿಯುತ್ತದೆ. ತೆಳ್ಳಗೆ ಒಂದು ಕೈ, ಒಣಗಲು ಬಿಡುವುದು, ಮತ್ತೊಂದು ಕೈ. "ಆಹಿಸ್ತಾ, ಆಹಿಸ್ತಾ", ನಿಧಾನ ನಿಧಾನ ಎಂದು ಸಿರಾದ ಅಂಗಡಿಯಲ್ಲಿ ಅಪ್ಪ ನನ್ನ ಮಣಿಕಟ್ಟಿಗೆ ಬೆರಳಿಂದ ತಟ್ಟುತ್ತಿದ್ದರು. ಜನ್ಮದಲ್ಲಿ ನಾನು ತಾಳ್ಮೆಯಿಂದ ಮಾಡಿದ ಕೆಲಸವೆಂದರೆ ಇದೊಂದೇ ಇರಬೇಕು. ಉತ್ತರಪತ್ರಿಕೆ ತಿದ್ದುವುದು ಬಿಟ್ಟು ಎದ್ದು ಬಂದು ಅದನ್ನು ನೋಡುತ್ತಿದ್ದೆ. ಪ್ರತಿ ಕೈಗೂ ಮರದ ಎಳೆ ಇನ್ನಷ್ಟು ಆಳದಿಂದ ಎದ್ದು ಬರುತ್ತಿತ್ತು.

ಅತ್ತ ಅತ್ತೆ ಬಿಲ್ಲಿನ ದಾರ ಹೊಸೆದರು. ಮಂಚದ ಎರಡು ಕಾಲಿಗೆ ಸುತ್ತಿ ಎಳೆದ ಗಟ್ಟಿ ನೂಲಿಗೆ, ತೋವಿನಕೆರೆಯ ಕಡೆ ಜೇನುಪೆಟ್ಟಿಗೆ ಇಟ್ಟವರಿಂದ ತರಿಸಿದ ಮೇಣ ತಿಕ್ಕಿದರು. ಅಷ್ಟರಲ್ಲಿ ಶಿವರಾತ್ರಿ ಕಳೆದಿತ್ತು. ಅವರ ಬಲಗೈ ರವಿಕೆಯ ತೋಳು ತೊಡಲೂ ಒದ್ದಾಡುತ್ತಿತ್ತು.

ದಾರ ಏರಿಸಿದ್ದು ನಾನು, ಹೇಳಿಕೊಟ್ಟದ್ದು ಅವರು. ಕಾಲನ್ನು ಬಿಲ್ಲಿನ ಒಳಕ್ಕೆ ತೂರಿಸಿ, ತೊಡೆಗೆ ಹಿಡಿಯನ್ನು ಒತ್ತಿ, ಮೇಲಿನ ತೋಳನ್ನು ಅದರ ಹಟಕ್ಕೆ ವಿರುದ್ಧವಾಗಿ ಬಗ್ಗಿಸಿದೆ. ಮರ ನನ್ನ ತೊಡೆಯಲ್ಲೇ ಉಸಿರಾಡಿದಂತಾಯಿತು. ಕುಣಿಕೆ ತುದಿಯ ಕಚ್ಚಿಗೆ ಬಿತ್ತು. ತಾರಸಿಯ ಗೋಡೆಗೆ ಅದನ್ನು ಒರಗಿಸಿ, ತೋಳುಗಳು ಸೊಟ್ಟಗಿವೆಯೇ ಎಂದು ಅತ್ತೆಯೂ ನಾನೂ ಬಗ್ಗಿ ಬಗ್ಗಿ ನೋಡಿದೆವು. ಅಷ್ಟರಲ್ಲಿ ಶಾಲೆಯಿಂದ ಫೋನ್ ಬಂತು, ಪರೀಕ್ಷೆಯ ಕೆಲಸ. ನಾನು ಅವಸರದಲ್ಲಿ ಹೊರಟೆ. ಬಿಲ್ಲು ಅಲ್ಲೇ ಉಳಿಯಿತು.

ಮುಂದಾದದ್ದು ನಮ್ಮ ಸೀಮೆಯವರಿಗಲ್ಲದೆ ಬೇರೆಯವರಿಗೆ ಆಗುವಂಥದ್ದಲ್ಲ. ಬಿಲ್ಲಿನ ದಾರಕ್ಕೆ ಪುಸ್ತಕದ ಮಾತು ಹೆದೆ. ನಮ್ಮ ಕಡೆಯವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ಆಲು, ಹಸು ಅಸು, ಹೆದೆ ಎದೆ. ಬಿಸಿಲೇರಿದಾಗ ಅತ್ತೆಗೆ ಬಿಲ್ಲಿನ ನೆನಪಾಯಿತು. ದಾರ ಏರಿಸಿದ ಬಿಲ್ಲು ಬಿಸಿಲಿಗೆ ಬಿದ್ದರೆ ಅಂಟು ಬಿಡುತ್ತದೆ. ನಾನು ಹಿಡಿದುಕೊಳ್ಳದೆ ತಾರಸಿಯ ಏಣಿ ಹತ್ತಲೂ, ದಾರ ಇಳಿಸಲೂ ಅವರಿಂದಾಗದು. ಅಂಗಳಕ್ಕೆ ಬಂದು ಕೂಗಿಕೊಂಡರು.

"ಯಾರಾದ್ರೂ ಬರ್ರೇ! ಎದೆ ಬಿಚ್ರೇ! ಒಡ್ದೋಯ್ತದೆ!"

ಪಕ್ಕದ ಮನೆಯಾಕೆ ಓಡಿಬಂದಳು. ಬಂದವಳೇ ಅತ್ತೆಯನ್ನು ಜಗಲಿಯ ಮೇಲೆ ಮಲಗಿಸಿ, ಎದೆಗೆ ಮುಲಾಮು ತಿಕ್ಕಿ, ಆಟೋ ಕರೆಸಿದಳು. ಅತ್ತೆ "ಮ್ಯಾಗೆ, ಮ್ಯಾಗೆ" ಎಂದು ತಾರಸಿ ತೋರಿಸಿದ್ದನ್ನು ಆಕೆ ದೇವರು ಕರೆಯುತ್ತಿದ್ದಾನೆ ಎಂದುಕೊಂಡು ಗೊಳೋ ಎಂದು ಅತ್ತಳಂತೆ.

ಗಂಡನ ಫೋನ್ ಬಂದು ನಾನು ಮಧುಗಿರಿಯ ಆಸ್ಪತ್ರೆಗೆ ಓಡಿದಾಗ ಅತ್ತೆಯ ಎದೆಗೆ ಇಸಿಜಿಯ ತಂತಿಗಳನ್ನು ಅಂಟಿಸಿದ್ದರು. ಸಿಟ್ಟು ನೆತ್ತಿಗೇರಿದರೆ ಅವರಿಗೆ ತವರಿನ ತೆಲುಗು ಬರುತ್ತದೆ. ನಿನಗೇನು ಹುಚ್ಚೇ ಎಂದು ನರ್ಸಮ್ಮನ ಮೇಲೆ ಹರಿಹಾಯುತ್ತಿದ್ದರು.

"ನೀಕೇಮನ್ನಾ ಪಿಚ್ಚಾ? ನನ್ ಎದೆ ಅಲ್ಲ ಕಣೇ, ಬಿಲ್ಲಿನ್ ಎದೆ! ಬಿಲ್ಲಿಂದು!"

"ಬಿಲ್ಲಿಲ್ಲ ಅಜ್ಜಿ, ಇದು ಸರ್ಕಾರಿ ಆಸ್ಪತ್ರೆ" ಎಂದು ನರ್ಸಮ್ಮ ಸಮಾಧಾನ ಮಾಡಿದರು.

ನನಗೆ ನಗು ತಡೆಯಲಾಗಲಿಲ್ಲ. ಗೋಡೆ ಹಿಡಿದುಕೊಂಡು ನಕ್ಕೆ. ಗಂಡನೂ ಅರ್ಥವಾದ ಮೇಲೆ ನಗಲು ಶುರುಮಾಡಿದರು. ಆದರೆ ಅತ್ತೆ ನಗಲಿಲ್ಲ. ತಂತಿಗಳ ನಡುವಿಂದ ಮಗನ ಮುಖವನ್ನೇ ನೋಡಿದರು.

"ಅದೇನಾರ ಒಡ್ದೋಗಿದ್ರೆ, ನೀನ್ ಸಾಯೋಗಂಟ ನಂಬ್ತಿರ್ಲಿಲ್ಲ ಕಣ್ಲಾ."

ಗಂಡನ ನಗು ನಿಂತಿತು. ಅವರು ಕಿಟಕಿಯ ಕಡೆ ತಿರುಗಿಕೊಂಡರು.

ಇಸಿಜಿ ಚೆನ್ನಾಗಿಯೇ ಬಂತು. ಮನೆಗೆ ಬಂದು ಬಿಲ್ಲು ಮುಟ್ಟಿದರೆ ಹಂಚಿನಂತೆ ಕಾದಿತ್ತು. ದಾರ ಇಳಿಸಿ ನೆರಳಿಗೆ ತಂದು ನೋಡಿದೆ. ನಾನು ಅಂಟು ಹಾಕಿದ ತುದಿ ಮತ್ತೆ ಉಗುರು ತೂರುವಷ್ಟು ಬಾಯಿ ಬಿಟ್ಟಿತ್ತು. ಮತ್ತೆ ಅಂಟು, ಮತ್ತೆ ಸೈಕಲ್ ಟ್ಯೂಬು, ಮತ್ತೆ ಪಾಲಿಶ್. ಈ ಸಾರಿ ಆ ತುದಿಗೆ ರೇಷ್ಮೆ ನೂಲನ್ನೂ ಒತ್ತೊತ್ತಾಗಿ ಸುತ್ತಿದೆ. ಆದರೂ ನನಗೆ ನಂಬಿಕೆಯಿರಲಿಲ್ಲ, ಅದನ್ನು ಬಾಯಿಬಿಟ್ಟು ಹೇಳಿದೆ. ಇದು ಎಷ್ಟು ತಡೆಯುತ್ತದೋ ಗೊತ್ತಿಲ್ಲ ಅತ್ತೆ, ನಿಮ್ಮ ಮುಖಕ್ಕೆ ಏನಾದರೂ ಆದರೆ ಎಂದೆ.

"ಒಂದ್ ಬಾಣ ತಡುದ್ರೆ ಸಾಕು. ನನ್ ಕೈ ತಡ್ಯಾದೂ ಅಷ್ಟೇಯ."

ಒಂದು ಭಾನುವಾರ ಬೆಳಿಗ್ಗೆ ಮನೆಯ ಹಿಂದಿನ ರಾಗಿಹುಲ್ಲಿನ ಬಣವೆಯ ಎದುರು ನಿಂತೆವು. ಬಣವೆಗೆ ಒಂದು ತೆಂಗಿನ ಚಿಪ್ಪು ಸಿಕ್ಕಿಸಲು ಅತ್ತೆ ಹೇಳಿದರು. ಬಾಣವನ್ನು ತುಮಕೂರಿನಿಂದ ತರಿಸಿದ್ದೆ. ಗಂಡ ಬಂದು ಕೈ ಕಟ್ಟಿಕೊಂಡು ನಮ್ಮ ಹಿಂದೆ ನಿಂತರು. ಬೆಳಗಿನ ಬಿಸಿಲಿಗೆ ಬಿಲ್ಲಿನ ತೋಳುಗಳೊಳಗಿನ ಮರ ದೀಪದ ಹಾಗೆ ಕಾಣುತ್ತಿತ್ತು. ಇದನ್ನು ನಾನು ಮಾಡಿದೆನೇ ಎಂದು ನನಗೇ ಬೆರಗಾಯಿತು.

ಅತ್ತೆ ಸೆರಗು ಸಿಕ್ಕಿಸಿ, ಪಾದ ಅಗಲಿಸಿ, ಮಗ್ಗುಲಾಗಿ ನಿಂತರು. ಬಾಣ ಹೂಡಿ ಬಲಗೈ ಎತ್ತಹೋದರು. ಭುಜ ಬರಲಿಲ್ಲ. ಮುಖ ನೋವಿನಿಂದ ಮುದುಡಿತು. ಮತ್ತೊಮ್ಮೆ ಎತ್ತಿದರು, ಅದೂ ಆಗಲಿಲ್ಲ. ನಾನು "ಸಾಕು ಬಿಡಿ ಅತ್ತೆ" ಎಂದು ಹತ್ತಿರ ಹೋದೆ.

"ದೂರ ನಿಲ್ಲು" ಎಂದರು. ಆ ದನಿ ನಾನು ಎಂದೂ ಕೇಳದ್ದು.

ಆಮೇಲೆ ಅವರು ಮಾಡಿದ್ದನ್ನು ನಾನು ಸಾಯುವ ತನಕ ಮರೆಯಲಾರೆ. ಬಲ ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡೇ ದಾರ ಹಿಡಿದ ಮೂರು ಬೆರಳನ್ನು ಗಲ್ಲದ ಕೆಳಕ್ಕೆ ತಂದು ಊರಿದರು. ಆ ಕೈ ಅಲ್ಲೇ ಕೀಲು ಹೊಡೆದಂತೆ ನಿಂತಿತು. ದಾರವನ್ನು ಹಿಂದಕ್ಕೆ ಎಳೆಯಲೇ ಇಲ್ಲ. ಎಡಗೈಯಿಂದ ಬಿಲ್ಲನ್ನು ಮುಂದಕ್ಕೆ ತಳ್ಳಿದರು. ಎದೆಗೆ ಅವುಚಿಕೊಂಡ ಮಗುವನ್ನು ಯಾರಿಗೋ ಒಪ್ಪಿಸುವ ಹಾಗೆ, ಅಷ್ಟು ನಿಧಾನವಾಗಿ, ಬಿಲ್ಲು ಅವರಿಂದ ದೂರ ಹೋಯಿತು. ತೋಳುಗಳು ಬಾಗಿದವು, ಬಾಗಿದವು. ನಾನು ಸುತ್ತಿದ ರೇಷ್ಮೆ ನೂಲು ಸಣ್ಣಗೆ ಕಿರ್ ಎಂದಿತು. ಎಡಗೈ ಸೆಟೆದು ನಿಂತಾಗ, ಮೊಮ್ಮಕ್ಕಳಿಗೆ ಮುದ್ದೆ ಕಟ್ಟುವ ನಮ್ಮ ಅತ್ತೆ ಅಲ್ಲಿರಲಿಲ್ಲ. ಅರೆಗಣ್ಣು ಮುಚ್ಚಿದ ಯಾರೋ ಹುಡುಗಿ ನಿಂತಿದ್ದಳು.

ಬಾಣ ಹೋದದ್ದು ಕಾಣಲಿಲ್ಲ. ದಾರದ ಸದ್ದು ಕೇಳಿತು, ಬಣವೆಯಿಂದ ಬಾಣದ ಗರಿ ಮಾತ್ರ ಹೊರಗಿತ್ತು. ಚಿಪ್ಪಿನಿಂದ ಒಂದು ಗೇಣು ಪಕ್ಕಕ್ಕೆ.

"ಥೂ," ಎಂದರು ಅತ್ತೆ. "ಬೇಗ ಬುಟ್ಬುಟ್ಟೆ."

ಅವರಿಗೆ ನಿಜವಾಗಿ ಬೇಜಾರಾಗಿತ್ತು. ನನಗೋ ಕಣ್ಣಲ್ಲಿ ನೀರು. ಹಿಂದೆ ತಿರುಗಿದರೆ ಗಂಡನ ಕಟ್ಟಿದ ಕೈ ಯಾವಾಗಲೋ ಬಿಚ್ಚಿಕೊಂಡಿತ್ತು. ತಲೆ ಅರ್ಧ ನರೆತ ಆ ಮನುಷ್ಯ ಬಾಯಿ ತೆರೆದುಕೊಂಡು ಒಮ್ಮೆ ಬಣವೆಯನ್ನೂ ಒಮ್ಮೆ ಅಮ್ಮನನ್ನೂ ನೋಡುತ್ತಿದ್ದರು. ಆಮೇಲೆ ಓಡಿಹೋಗಿ ಬಾಣವನ್ನು ಕಿತ್ತುಕೊಂಡು ಬಂದರು. ಎರಡು ಸಲ ಜಗ್ಗಿದ ಮೇಲೇ ಅದು ಬಂದದ್ದು.

"ಇನ್ನೊಂದ್ ಸಾರಿ ಒಡಿಯಮ್ಮ," ಎಂದರು. "ಇನ್ನೊಂದೇ ಒಂದ್ ಸಾರಿ."

ಅತ್ತೆ ಬಾಣ ಇಸಿದುಕೊಂಡರು. ಹೂಡಲು ನೋಡಿದರು. ಬಲಗೈಯ ಬೆರಳು ದಾರದವರೆಗೂ ಏರಲಿಲ್ಲ. ಹಾಗೇ ಜೋತುಬಿತ್ತು. ಅವರು ಮಗನ ಮುಖ ನೋಡಿ, ಅಳುವುದೋ ನಗುವುದೋ ಗೊತ್ತಾಗದ ದನಿಯಲ್ಲಿ ಕೇಳಿದರು.

"ಇಷ್ಟ್ ವರ್ಸ ಎಲ್ಲೋಗಿದ್ದೆ ಕಣ್ಲಾ?"

ಗಂಡ ಅಮ್ಮನ ಆ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತರು.